ಲ್ಯಾಪ್ಚಿಕ್ ಹೋದ ದಾರಿಯಲ್ಲಿ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಕನೆಕ್ಟಿಕಟ್ ನದಿಯ ದಂಡೆಗುಂಟ, ಕಾರಿನಲ್ಲಿ ಅರ್ಧ ಗಂಟೆಯೂ ಹಿಡಿಯದ ಒಂದು ದಾರಿಯಿದೆ. ಅದರ ಈ ತುದಿಗೆ ಸ್ಪ್ರಿಂಗ್‌ಫೀಲ್ಡ್, ಆ ತುದಿಗೆ ಹೋಲಿಯೋಕ್. 1891ರ ಡಿಸೆಂಬರಿನಲ್ಲಿ ಸ್ಪ್ರಿಂಗ್‌ಫೀಲ್ಡಿನಲ್ಲಿ ಬ್ಯಾಸ್ಕೆಟ್‌ಬಾಲ್ ಹುಟ್ಟಿತು. 1895ರಲ್ಲಿ ಹೋಲಿಯೋಕಿನಲ್ಲಿ ವಾಲಿಬಾಲ್. ನಮ್ಮ ಕಡೆ ಯಾವ ಹೈಸ್ಕೂಲಿನ ಮೈದಾನಕ್ಕೆ ಹೋದರೂ ವಾಲಿಬಾಲಿನ ಎರಡು ಕಂಬ, ಸ್ವಲ್ಪ ಅನುಕೂಲವಿದ್ದ ಕಡೆ ಬ್ಯಾಸ್ಕೆಟ್‌ಬಾಲಿನ ಎರಡು ರಿಂಗ್ ಇದ್ದೇ ಇರುತ್ತವೆ. ಆ ಎರಡೂ ಆಟ ಹೀಗೆ ಅಕ್ಕಪಕ್ಕದ ಊರುಗಳಲ್ಲಿ, ನಾಲ್ಕೇ ವರ್ಷದ ಅಂತರದಲ್ಲಿ ಹುಟ್ಟಿದವು ಎಂಬುದನ್ನು ಓದಿ ತಿಳಿದಿದ್ದೆ. ಆ ರಸ್ತೆಯಲ್ಲಿ ಕಾರಿನಲ್ಲಿ ಕೂತು ಹೋಗುವಾಗ ಮಾತ್ರ ಅದು ಮೈಗೆ ಹತ್ತಿತು.

ಸ್ಪ್ರಿಂಗ್‌ಫೀಲ್ಡಿನ ಸ್ಟೇಟ್ ಸ್ಟ್ರೀಟ್ ಮತ್ತು ಶರ್ಮನ್ ಸ್ಟ್ರೀಟ್ ಕೂಡುವ ಮೂಲೆಯಲ್ಲಿ ಅಕ್ಕನ ಮಗ ಕಾರು ನಿಲ್ಲಿಸಿದ. ಅವನಿಗೆ ಹಾರ್ಟ್‌ಫರ್ಡಿನಲ್ಲಿ ಕೆಲಸ. ಎದುರಿಗೆ ಒಂದು ಮೆಕ್‌ಡೊನಾಲ್ಡ್ಸ್.

“ಮಾವ, ಇದನ್ನ ನೋಡೋಕೆ ಅಷ್ಟು ದೂರದಿಂದ ಬಂದ್ರಾ?”

“ಇದನ್ನೇ ಕಣೋ. ಇಳಿ.”

ಆ ಮೂಲೆಯಲ್ಲೇ ಕ್ರೈಸ್ತ ಯುವಕರ ತರಬೇತಿ ಶಾಲೆಯ ಜಿಮ್ ಇತ್ತು. ಚಳಿಗಾಲದಲ್ಲಿ ಹೊರಗೆ ಆಡಲಾಗದೆ ಒಳಗೊಳಗೇ ಕುದಿಯುತ್ತಿದ್ದ ಒಂದು ಕ್ಲಾಸನ್ನು ಸಂಭಾಳಿಸುವ ಕೆಲಸ ಜೇಮ್ಸ್ ನೈಸ್ಮಿತ್ ಎಂಬ ಮೂವತ್ತು ವರ್ಷದ ಮೇಷ್ಟ್ರ ಪಾಲಿಗೆ ಬಂದಿತ್ತು. ಅವನು ಜವಾನನ ಹತ್ತಿರ ಎರಡು ಪೆಟ್ಟಿಗೆ ಕೇಳಿದ. ಪೆಟ್ಟಿಗೆ ಸಿಗಲಿಲ್ಲ, ಪೀಚ್ ಹಣ್ಣಿನ ಬುಟ್ಟಿಗಳು ಸಿಕ್ಕವು. ಅವನ್ನು ಜಿಮ್ಮಿನ ಮೇಲಂಕಣದ ಕಟಕಟೆಗೆ ಮೊಳೆ ಹೊಡೆದು ನಿಲ್ಲಿಸಿದ. ಕಟಕಟೆ ನೆಲದಿಂದ 10 ಅಡಿ ಎತ್ತರದಲ್ಲಿತ್ತು. ಇವತ್ತಿಗೂ ಜಗತ್ತಿನ ಯಾವ ಮೂಲೆಗೆ ಹೋದರೂ ರಿಂಗಿನ ಎತ್ತರ ಅದೇ 10 ಅಡಿ. ಯಾವನೋ ಬಡಗಿ ಯಾವುದೋ ಕಾರಣಕ್ಕೆ ಅಷ್ಟೆತ್ತರಕ್ಕೆ ಕೂರಿಸಿದ ಒಂದು ಕಟಕಟೆ ನೂರಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಕೋಟ್ಯಂತರ ಜನರ ಕೈಯನ್ನು ಮೇಲಕ್ಕೆ ಎತ್ತಿಸುತ್ತಿದೆ! ಫುಟ್‌ಪಾತಿನ ಮೇಲೆ ನಿಂತು ಕೈಯೆತ್ತಿ ಆ ಎತ್ತರವನ್ನು ಅಂದಾಜು ಮಾಡಿದೆ. ಪಕ್ಕದಲ್ಲಿ ಆಟದ ನೆನಪಿಗೆ ನಿಲ್ಲಿಸಿದ ಶಿಲ್ಪವೊಂದಿದೆ. ಜನ ಕಾಫಿ ಹಿಡಿದು ಅದರ ಮುಂದೆ ಓಡಾಡುತ್ತಿದ್ದರು.

ಮೊದಲ ದಿನ ಆಡಿದವರು ಹದಿನೆಂಟು ಜನ, ಕಡೆಗೆ ಒಂಬತ್ತರಂತೆ. ಒಂದು ಕಡೆಯ ನಾಯಕನಾಗಿದ್ದ ಡಂಕನ್ ಪ್ಯಾಟನ್ 1894ರಲ್ಲಿ ಮಿಷನರಿಯಾಗಿ ಭಾರತಕ್ಕೆ ಬಂದು ಇಲ್ಲಿ ಈ ಆಟ ಕಲಿಸಿದನೆಂದು ಚರಿತ್ರೆ ಹೇಳುತ್ತದೆ. 1920ರಲ್ಲಿ ಮದ್ರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ತೆರೆದ ಹ್ಯಾರಿ ಬಕ್ ಕೂಡ ಸ್ಪ್ರಿಂಗ್‌ಫೀಲ್ಡಿನಲ್ಲೇ ಓದಿದವನು. ದಕ್ಷಿಣ ಭಾರತದ ಎಷ್ಟೋ ಪಿ.ಟಿ. ಮೇಷ್ಟ್ರುಗಳು ಆ ಕಾಲೇಜಿನಲ್ಲಿ ಪಳಗಿದವರು. ಆ ಮೂಲೆಯಿಂದ ಹೊರಟ ಒಂದು ಎಳೆ ನಮ್ಮ ಶಾಲೆಗಳ ಅಂಗಳಕ್ಕೂ ಬಂದಿದೆ.

ನಾನು ಹುಡುಕಿಕೊಂಡು ಬಂದದ್ದು ಮಾತ್ರ ಇನ್ನೊಬ್ಬನನ್ನು. ನದಿ ದಂಡೆಯಲ್ಲಿ, ಹೆದ್ದಾರಿಯ ಮಗ್ಗುಲಲ್ಲೇ, ದೊಡ್ಡ ಗೋಳದ ಆಕಾರದ ಕಟ್ಟಡವಿದೆ. 2002ರಲ್ಲಿ ತೆರೆದ ಇದು ನೈಸ್ಮಿತ್ ಹೆಸರಿನ ಹಾಲ್ ಆಫ್ ಫೇಮ್. ಒಳಗೆ ಗುಮ್ಮಟದ ಸುತ್ತ ಆಟದ ಹಿರಿಯರ ಮುಖಗಳು ದೀಪದ ಬೆಳಕಿನಲ್ಲಿ ಸಾಲಾಗಿ ಹೊಳೆಯುತ್ತವೆ. ಕೆಳಗಿನ ಕೋರ್ಟಿನಲ್ಲಿ ಮಕ್ಕಳು ಚೆಂಡು ಎಸೆಯುವ ಸದ್ದು ಗುಮ್ಮಟದ ತನಕ ಏರಿ ಬರುತ್ತದೆ. ಬಂದವರೆಲ್ಲ ಜೋರ್ಡಾನ್, ಮ್ಯಾಜಿಕ್ ಜಾನ್ಸನ್ ಎಂದು ಬೆರಳು ತೋರಿಸುತ್ತಿದ್ದರೆ, ನಾನು ಕತ್ತೆತ್ತಿ 1966ರಲ್ಲಿ ಸೇರಿದ ಜೋ ಲ್ಯಾಪ್ಚಿಕ್‌ನನ್ನು ಹುಡುಕುತ್ತಿದ್ದೆ. ಹಣಕ್ಕಾಗಿ ಬ್ಯಾಸ್ಕೆಟ್‌ಬಾಲ್ ಆಡುವುದು ಇನ್ನೂ ಮರ್ಯಾದೆಯ ಕಸುಬಾಗಿರದ ಕಾಲದಲ್ಲಿ ಅದನ್ನೇ ನಂಬಿ ಬದುಕಿದವನು ಅವನು. ಆಮೇಲೆ ಅದನ್ನೇ ಕಲಿಸಿದವನು. ಅವನ ಬದುಕಿನ ಊರುಗಳನ್ನು ಒಂದೊಂದಾಗಿ ನೋಡಬೇಕೆಂಬ ಆಸೆ ನನ್ನಲ್ಲಿ ಬಹಳ ಕಾಲದಿಂದ ಇತ್ತು.

ಜೋ ಹುಟ್ಟಿದ್ದು 1900ರ ಏಪ್ರಿಲ್ 12ರಂದು, ನ್ಯೂಯಾರ್ಕಿಗೆ ಅಂಟಿಕೊಂಡ ಯಾಂಕರ್ಸ್ ಎಂಬ ಊರಿನಲ್ಲಿ. ತಂದೆತಾಯಿ ಝೆಕ್ ನಾಡಿನಿಂದ ವಲಸೆ ಬಂದವರು. ಮನೆ ತುಂಬ ಮಕ್ಕಳು, ಕೈಯಲ್ಲಿ ಕಾಸಿಲ್ಲ. ಹೈಸ್ಕೂಲಿನ ಮೆಟ್ಟಿಲನ್ನೂ ಹತ್ತದೆ ಕೆಲಸಕ್ಕೆ ಸೇರಿದ. ದೇವರು ಕೊಟ್ಟದ್ದು ಒಂದೇ, ಎತ್ತರ: 6 ಅಡಿ 5 ಇಂಚು. ಆಗಿನ ಕಾಲಕ್ಕೆ ಅದು ರಸ್ತೆಯಲ್ಲಿ ಜನ ತಿರುಗಿ ನೋಡುವಷ್ಟು ಎತ್ತರ. ಐದು ಹತ್ತು ಡಾಲರಿಗೆ ಒಂದು ಪಂದ್ಯದಂತೆ ಆಡಲು ಶುರುಮಾಡಿದ.

ಆ ದಿನಗಳಲ್ಲಿ ಕರಾರುಪತ್ರ ಎಂಬುದಿರಲಿಲ್ಲ. ಯಾರು ಹೆಚ್ಚು ಕೊಟ್ಟರೆ ಆ ರಾತ್ರಿ ಅವರ ಕಡೆ ಆಟ. ಜೋ ಏಕಕಾಲಕ್ಕೆ ಹೋಲಿಯೋಕ್, ಟ್ರಾಯ್, ಬ್ರೂಕ್ಲಿನ್ ಎಂದು ಬೇರೆಬೇರೆ ಊರಿನ ತಂಡಗಳಿಗೆ ಆಡುತ್ತಿದ್ದ. ಎರಡು ತಂಡದ ಮ್ಯಾನೇಜರುಗಳನ್ನು ಎದುರುಬದುರಾಗಿಸಿ ಚೌಕಾಶಿ ಮಾಡುವುದನ್ನೂ ಬೇಗ ಕಲಿತ. ನಾವು ಹೋಲಿಯೋಕಿಗೆ ಹೋದಾಗ ಮಳೆ ಹನಿಯುತ್ತಿತ್ತು. ನದಿಯ ನೀರನ್ನು ತಿರುಗಿಸಿ ಊರೊಳಗೆ ಹರಿಸಿದ ಕಾಲುವೆಗಳು, ಕಾಲುವೆಯ ಎರಡೂ ಬದಿಗೆ ಕೆಂಪು ಇಟ್ಟಿಗೆಯ ಕಾಗದದ ಗಿರಣಿಗಳು. ಎಷ್ಟೋ ಗಿರಣಿಗಳ ಕಿಟಕಿಗಳಿಗೆ ಹಲಗೆ ಬಡಿದಿದ್ದರು. ಕಾಗದದ ಊರೆಂದೇ ಹೆಸರಾಗಿದ್ದ ಊರದು. ಪಾಳಿ ಮುಗಿಸಿ, ಕೈ ತೊಳೆದು, ಚಿಲ್ಲರೆ ಎಣಿಸಿ ಟಿಕೆಟ್ ಕೊಂಡ ಕೂಲಿಕಾರರ ಮುಂದೆ ಜೋ ಆಡಿದ್ದು ಇಂಥ ಊರುಗಳಲ್ಲಿ.

ಆಡಿದ್ದು ಹೇಗೆ? ಪಂಜರದೊಳಗೆ. ಇದನ್ನು ಓದುಗರು ಕಣ್ಣ ಮುಂದೆ ತಂದುಕೊಳ್ಳಬೇಕು. ಕೋರ್ಟಿನ ಸುತ್ತ ನಾಲ್ಕೂ ಕಡೆ, ಆಳಿಗಿಂತ ಎಷ್ಟೋ ಎತ್ತರಕ್ಕೆ ತಂತಿಯ ಜಾಲರಿ. ಆರಂಭದ ನಿಯಮದಂತೆ ಗೆರೆಯಾಚೆ ಹೋದ ಚೆಂಡನ್ನು ಮೊದಲು ಮುಟ್ಟಿದವನಿಗೇ ಚೆಂಡು. ಹಾಗಾಗಿ ಆಟಗಾರರು ಪ್ರೇಕ್ಷಕರ ಮೈಮೇಲೇ ಬೀಳುತ್ತಿದ್ದರು. ಅದನ್ನು ತಪ್ಪಿಸಲು 1896ರ ಸುಮಾರಿಗೆ ನ್ಯೂಜೆರ್ಸಿಯ ಟ್ರೆಂಟನ್ನಿನಲ್ಲಿ ಈ ಪಂಜರ ಬಂತು. ಮೊದಲ ಬಾರಿಗೆ ಹಣ ಪಡೆದು ಆಡಿದ ಪಂದ್ಯವೆಂದು ಹೇಳುವುದೂ ಟ್ರೆಂಟನ್ನಿನಲ್ಲಿ ನಡೆದದ್ದನ್ನೇ. ಪಂಜರ ಬಂದ ಮೇಲೆ ಚೆಂಡು ಹೊರಗೆ ಹೋಗುವುದೇ ಇಲ್ಲ, ಆಟ ನಿಲ್ಲುವುದೂ ಇಲ್ಲ. ಎದುರಾಳಿಯನ್ನು ತಂತಿಗೆ ಒತ್ತಿ ಹಿಡಿಯುವುದು ಒಂದು ವಿದ್ಯೆಯೇ ಆಯಿತು. ಮೊಣಕೈ, ಬೆನ್ನು, ಕೆನ್ನೆಯ ಮೇಲೆ ಜಾಲರಿಯ ಗೆರೆಗಳು ಮೂಡಿ ರಕ್ತ ಒಸರುತ್ತಿತ್ತು. ಕೆಲವು ಊರುಗಳಲ್ಲಿ ತಂತಿಯ ಬದಲು ಹಗ್ಗದ ಬಲೆ. ಆಗ ಹೊರಗಿನವರು ಟೊಪ್ಪಿಯ ಪಿನ್ನಿನಿಂದ ಪರವೂರ ಆಟಗಾರನ ಕಾಲಿಗೆ ಚುಚ್ಚುವುದೂ ಉಂಟು, ಉರಿಯುವ ಸಿಗರೇಟು ತಾಗಿಸುವುದೂ ಉಂಟು. ಇದರ ಮೇಲೆ, ಪ್ರತಿ ಗೋಲಾದ ನಂತರವೂ ಚೆಂಡನ್ನು ಕೋರ್ಟಿನ ನಡುವೆ ತಂದು, ಎರಡು ಕಡೆಯ ಸೆಂಟರುಗಳ ಮಧ್ಯೆ ಮೇಲಕ್ಕೆಸೆದು ಆಟ ಶುರುಮಾಡುತ್ತಿದ್ದರು. 1937ರಲ್ಲಿ ಆ ನಿಯಮ ಹೋಗುವ ತನಕ, ಹಾರಿ ಚೆಂಡು ಗೆದ್ದುಕೊಡುವ ಸೆಂಟರ್ ಇದ್ದ ತಂಡಕ್ಕೆ ಅರ್ಧ ಗೆಲುವು ಅಲ್ಲೇ ಸಿಕ್ಕಂತೆ. ಜೋ ಲ್ಯಾಪ್ಚಿಕ್ ಅಂಥ ಸೆಂಟರ್.

ಸ್ಪ್ರಿಂಗ್‌ಫೀಲ್ಡಿನಿಂದ ನ್ಯೂಹೇವನ್ ಮಾರ್ಗವಾಗಿ ನ್ಯೂಯಾರ್ಕಿಗೆ ರೈಲು. ನ್ಯೂಹೇವನ್ ದಾಟಿದ ಮೇಲೆ ಎಡಕ್ಕೆ ಸಮುದ್ರದ ಹಿನ್ನೀರು, ದೋಣಿಗಳು, ಜೊಂಡು ಬೆಳೆದ ಚೌಗು ಇಣುಕಿ ಮರೆಯಾಗುತ್ತವೆ. ಕಿಟಕಿ ಪಕ್ಕ ಕೂತು ನಾನು ಆ ಕಾಲದ ಆಟಗಾರನ ಚೀಲದಲ್ಲಿ ಏನಿದ್ದಿರಬಹುದು ಎಂದು ಯೋಚಿಸುತ್ತಿದ್ದೆ. ನಿನ್ನೆಯ ಬೆವರಿಗೆ ಇನ್ನೂ ಒಣಗದ ಉಣ್ಣೆಯ ಬನಿಯನ್ನು, ಮೊಣಕಾಲಿಗೆ ಕಟ್ಟುವ ಪ್ಯಾಡು.

1923ರಲ್ಲಿ ಅವನು ಒರಿಜಿನಲ್ ಸೆಲ್ಟಿಕ್ಸ್ ಸೇರಿದ. ಬಾಸ್ಟನ್ ಸೆಲ್ಟಿಕ್ಸ್‌ಗೂ ಇದಕ್ಕೂ ಹೆಸರಿನ ಹೊರತು ನಂಟಿಲ್ಲ. ಇದು ನ್ಯೂಯಾರ್ಕಿನ ಪಶ್ಚಿಮದ ಬಡ ಕೇರಿಯಲ್ಲಿ ಹುಟ್ಟಿದ ತಂಡ. ಆಟಗಾರರನ್ನು ಇಡೀ ಸೀಸನ್ನಿಗೆ ಕರಾರಿನಲ್ಲಿ ಕಟ್ಟಿ, ಸಂಬಳ ಕೊಟ್ಟು, ಒಂದೇ ಕಡೆ ಆಡಿಸಿದ ಮೊದಲಿಗರಲ್ಲಿ ಇವರೂ ಸೇರುತ್ತಾರೆ. ದಿನವೂ ಅದೇ ಐದಾರು ಜನ ಕೂಡಿ ಆಡಿದ್ದರಿಂದ ಒಬ್ಬರ ಉಸಿರು ಇನ್ನೊಬ್ಬರಿಗೆ ತಿಳಿಯುವ ಹಾಗಾಯಿತು. ನ್ಯಾಟ್ ಹೋಲ್ಮನ್, ಡಚ್ ಡೆನರ್ಟ್, ಜಾನಿ ಬೆಕ್‌ಮನ್, ಪೀಟ್ ಬ್ಯಾರಿ. ಇವರ ತಿರುಗಾಟ ನಮ್ಮ ಯಕ್ಷಗಾನ ಮೇಳದ್ದೇ. ಇವತ್ತು ಈ ಊರು, ನಾಳೆ ಆ ಊರು, ಆಟ ಮುಗಿದ ರಾತ್ರಿಯೇ ಪಯಣ. ಸುಮ್ಮನೆ ನಿಂತು ಬುಟ್ಟಿ ಕಾಯುವ ಎದುರಾಳಿಯೊಬ್ಬನಿಂದ ಬೇಸತ್ತು, ಡೆನರ್ಟ್ ಒಂದು ದಿನ ಬುಟ್ಟಿಗೆ ಬೆನ್ನು ಮಾಡಿ ಅವನ ಮುಂದೆಯೇ ನಿಂತುಬಿಟ್ಟನಂತೆ. ಜೊತೆಯವರು ಓಡಿಬಂದು ಚೆಂಡನ್ನು ಅವನಿಗೆ ಕೊಡುವುದು, ಅವನು ಕತ್ತರಿಸಿ ನುಗ್ಗುವವನಿಗೆ ತಿರುಗಿ ಕೊಡುವುದು. ಕಾವಲುಗಾರ ಹಿಂದಿನಿಂದ ಬಂದರೆ ಅದೇ ಪಾದದ ಮೇಲೆ ತಿರುಗಿ ತಾನೇ ಬುಟ್ಟಿಗೆ ಹಾಕುವುದು. ಪಿವಟ್ ಪ್ಲೇ ಬೆಳೆದದ್ದು ಹೀಗೆ.

ಅದನ್ನು ನಾನು ಕಣ್ಣಾರೆ ಕಂಡದ್ದು ಹಾರ್ಲೆಮ್ಮಿನ 155ನೇ ಬೀದಿಯ ರಕರ್ ಪಾರ್ಕಿನಲ್ಲಿ. ಹದಿನಾರರ ಹುಡುಗನೊಬ್ಬ ಬುಟ್ಟಿಗೆ ಬೆನ್ನು ಕೊಟ್ಟು ನಿಂತ. ಎಡಗೈ ಹಿಂದಕ್ಕೆ ಚಾಚಿ ಕಾವಲುಗಾರನ ತೊಡೆಯನ್ನು ತಡವಿ, ಅವನು ಯಾವ ಮಗ್ಗುಲಿಗೆ ವಾಲಿದ್ದಾನೆಂದು ಕಣ್ಣಿಲ್ಲದೆಯೇ ತಿಳಿದುಕೊಂಡ. ಬಲಗೈ ಎತ್ತಿ ಚೆಂಡು ಕೇಳಿದ. ಚೆಂಡು ಬಂತು. ಭುಜ ಬಲಕ್ಕೆ ಅಲುಗಿತು, ಮೈ ಎಡಕ್ಕೆ ತಿರುಗಿತು, ಚೆಂಡು ಹಲಗೆಗೆ ಬಡಿದು ಒಳಗೆ ಬಿತ್ತು. ಬಲಪಾದ ಮಾತ್ರ ಇಟ್ಟ ಜಾಗದಿಂದ ಕದಲಲಿಲ್ಲ. ಸುಮಾರು ನೂರು ವರ್ಷದ ಹಿಂದೆ ಯಾವುದೋ ಊರಿನ ಹಾಲಿನಲ್ಲಿ ಐದು ಜನ ಕಂಡುಕೊಂಡ ಉಪಾಯ ಈ ಹುಡುಗನ ಹಿಮ್ಮಡಿಯಲ್ಲಿ ಜೀವಂತವಾಗಿ ತಿರುಗುತ್ತಿತ್ತು. ನನಗೆ ಮೈ ಜುಮ್ಮೆಂದಿತು.

ಅಲ್ಲಿಂದ ದಕ್ಷಿಣಕ್ಕೆ ನಡೆದು ಸೆವೆಂತ್ ಅವೆನ್ಯೂ ಹಿಡಿದರೆ 137 ಮತ್ತು 138ನೇ ಬೀದಿಗಳ ನಡುವೆ ರೆನೆಸಾನ್ಸ್ ಬಾಲ್‌ರೂಮ್ ಇದ್ದ ಜಾಗ. 2015ರಲ್ಲಿ ಹಳೆಯ ಕಟ್ಟಡ ಕೆಡವಿದರು, ಈಗ ಅಲ್ಲಿ ವಾಸದ ಮನೆಗಳು. ನನ್ನ ಪ್ರಯಾಣದಲ್ಲಿ ಅತಿ ಹೆಚ್ಚು ಹೊತ್ತು ನಿಂತದ್ದು ಇಲ್ಲೇ, ನೋಡಲು ಏನೂ ಉಳಿದಿಲ್ಲದ ಈ ಜಾಗದಲ್ಲಿ. ವೆಸ್ಟ್ ಇಂಡೀಸಿನ ಸೇಂಟ್ ಕಿಟ್ಸ್ ದ್ವೀಪದಿಂದ ಬಂದ ಬಾಬ್ ಡಗ್ಲಸ್ 1923ರಲ್ಲಿ ಕಟ್ಟಿದ, ಕಪ್ಪು ಆಟಗಾರರ ವೃತ್ತಿಪರ ತಂಡ ‘ರೆನ್ಸ್’ ಆಡುತ್ತಿದ್ದದ್ದು ಈ ನೃತ್ಯಶಾಲೆಯ ನುಣುಪು ನೆಲದ ಮೇಲೆ. ಮೊದಲು ಸಂಗೀತ, ಆಮೇಲೆ ಆಟ, ಆಟದ ನಂತರ ಮತ್ತೆ ನೃತ್ಯ. 1932-33ರಲ್ಲಿ ಅವರು ಸತತವಾಗಿ 88 ಪಂದ್ಯ ಗೆದ್ದರು. 1939ರಲ್ಲಿ ಶಿಕಾಗೋದಲ್ಲಿ ನಡೆದ ವಿಶ್ವ ವೃತ್ತಿಪರ ಟೂರ್ನಿಯನ್ನೂ ಗೆದ್ದರು. ಆದರೆ ಆಗಿನ ಅಮೆರಿಕನ್ ಬ್ಯಾಸ್ಕೆಟ್‌ಬಾಲ್ ಲೀಗಿನ ಬಾಗಿಲು ಅವರಿಗೆ ಮುಚ್ಚಿತ್ತು. ಊರೂರಿನ ಹೋಟೆಲುಗಳು ರೂಮು ಕೊಡುತ್ತಿರಲಿಲ್ಲ, ಖಾನಾವಳಿಗಳು ಊಟ ಬಡಿಸುತ್ತಿರಲಿಲ್ಲ. ಆಡಿ, ಗೆದ್ದು, ಬಸ್ಸಿನಲ್ಲೇ ತಣ್ಣಗಿನ ತಿಂಡಿ ತಿಂದು, ಮಲಗಲು ಜಾಗ ಸಿಗುವ ಊರಿಗೆ ನೂರಾರು ಮೈಲಿ ಹೋಗುತ್ತಿದ್ದರು.

ಸೆಲ್ಟಿಕ್ಸ್ ಇವರ ಜೊತೆ ಮತ್ತೆ ಮತ್ತೆ ಆಡಿದರು. ಇಬ್ಬರ ಪಂದ್ಯವೆಂದರೆ ಜನ ಮುಗಿಬೀಳುತ್ತಿದ್ದರು. ರೆನ್ಸ್ ತಂಡದ ಸೆಂಟರ್ ಚಾರ್ಲ್ಸ್ ‘ಟಾರ್ಜನ್’ ಕೂಪರ್. ಪಂದ್ಯಕ್ಕೆ ಮುಂಚೆ ಎರಡು ಕಡೆಯ ಸೆಂಟರುಗಳು ಕೈ ಕುಲುಕುವುದು ಪದ್ಧತಿ. ಜೋ ಕೈ ನೀಡುವ ಬದಲು, ಬಿಳಿಯರು ಕರಿಯರನ್ನು ಮುಟ್ಟಲು ಹಿಂಜರಿಯುತ್ತಿದ್ದ ಕಾಲದಲ್ಲಿ, ತುಂಬಿದ ಸಭೆಯ ಮುಂದೆ ಕೂಪರನನ್ನು ತಬ್ಬಿಕೊಂಡ. ಜನ ಕೆರಳಿದರು. ಕೂಪರನಿಗಿಂತ ದೊಡ್ಡ ಸೆಂಟರನ್ನು ತಾನು ಕಂಡಿಲ್ಲವೆಂದು ಜೋ ಆಮೇಲೂ ಹೇಳಿಕೊಂಡು ಬಂದ. ಪ್ರತಿ ಗೋಲಿನ ನಂತರ ಎದೆಗೆ ಎದೆ ಕೊಟ್ಟು ಒಟ್ಟಿಗೆ ಮೇಲೆ ಹಾರಿದವರಿಗೆ ಪರಸ್ಪರರ ಬೆಲೆ ಗೊತ್ತಿರದೆ ಇನ್ನಾರಿಗೆ ಗೊತ್ತಿರಬೇಕು?

ಮುಂದಿನದು ಬೇಗ ಹೇಳಬಹುದು. ಸೆಲ್ಟಿಕ್ಸ್ 1927 ಮತ್ತು 1928ರಲ್ಲಿ ಲೀಗ್ ಗೆದ್ದು, ತಂಡ ಚದುರಿತು. ಜೋ ಕ್ಲೀವ್‌ಲ್ಯಾಂಡಿನ ರೋಸೆನ್‌ಬ್ಲಮ್ಸ್‌ಗೆ ಹೋದ. 1929, 1930ರಲ್ಲಿ ಅವರೂ ಗೆದ್ದರು. ಆರ್ಥಿಕ ಕುಸಿತಕ್ಕೆ ಲೀಗೇ ಮುಳುಗಿತು. ಹಳೆಯ ಗೆಳೆಯರು ಮತ್ತೆ ಸೆಲ್ಟಿಕ್ಸ್ ಹೆಸರಿನಲ್ಲಿ ಕೂಡಿ, ಗಾಯಕಿ ಕೇಟ್ ಸ್ಮಿತ್‌ಳ ಆಶ್ರಯದಲ್ಲಿ ಕಾರಿನಲ್ಲಿ ಊರೂರು ಸುತ್ತಿದರು. 1936ರಲ್ಲಿ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯ ಅವನನ್ನು ಕೋಚ್ ಆಗಿ ಕರೆಯಿತು. ಹೈಸ್ಕೂಲು ಕಾಣದವನು ಪದವಿ ವಿದ್ಯಾರ್ಥಿಗಳ ಮುಂದೆ ನಿಂತ. 1943 ಮತ್ತು 1944ರಲ್ಲಿ ಅವನ ಹುಡುಗರು ಎನ್‌ಐಟಿ ಎಂಬ ಕಾಲೇಜು ಟೂರ್ನಿ ಗೆದ್ದರು.

1947ರಿಂದ 1956ರವರೆಗೆ ಅವನು ನ್ಯೂಯಾರ್ಕ್ ನಿಕ್ಸ್ ಕೋಚ್. ಲೆಕ್ಸಿಂಗ್ಟನ್ ಅವೆನ್ಯೂವಿನ 26ನೇ ಬೀದಿಯಲ್ಲಿ 69ನೇ ರೆಜಿಮೆಂಟಿನ ಆರ್ಮರಿ ಈಗಲೂ ಗಟ್ಟಿಯಾಗಿ ನಿಂತಿದೆ. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಸರ್ಕಸ್ಸೋ ಐಸ್ ಹಾಕಿಯೋ ಇದ್ದಾಗ ನಿಕ್ಸ್ ಇಲ್ಲಿಗೆ ಬಂದು ಆಡುತ್ತಿದ್ದರು. ಎದುರಿನ ಫುಟ್‌ಪಾತಿನಿಂದ ಅದರ ಕೆಂಗಂದು ಗೋಡೆ, ದೊಡ್ಡ ಕಮಾನು ನೋಡಿದೆ. ಸಿಪಾಯಿಗಳ ಕವಾಯತಿಗೆ ಕಟ್ಟಿದ ಮನೆಯಲ್ಲಿ ಇವತ್ತಿನ ಎನ್‌ಬಿಎ ಎಂಬ ಶ್ರೀಮಂತ ಸಾಮ್ರಾಜ್ಯ ಅಂಬೆಗಾಲಿಟ್ಟಿತಲ್ಲ! ಜೋ ಬೆಂಚಿನಲ್ಲಿ ನೆಟ್ಟಗೆ ಕೂರಲಾರದ ಮನುಷ್ಯ. ಪಂದ್ಯದ ಆತಂಕ ಹೊಟ್ಟೆಗಿಳಿದು ನಿದ್ದೆ ಕೆಡಿಸುತ್ತಿತ್ತು. 1951ರ ಫೈನಲಿನಲ್ಲಿ ರೋಚೆಸ್ಟರ್ ವಿರುದ್ಧ ಮೊದಲ ಮೂರು ಪಂದ್ಯ ಸೋತು, ಮುಂದಿನ ಮೂರು ಗೆದ್ದು, ಏಳನೆಯದನ್ನು ನಾಲ್ಕು ಅಂಕದಿಂದ ಕಳೆದುಕೊಂಡರು. 1952, 1953ರಲ್ಲೂ ಫೈನಲ್ ತಲುಪಿ ಸೋತರು. ಕೊನೆಗೆ ಆರೋಗ್ಯ ಕೆಟ್ಟು ಬಿಟ್ಟುಬಂದ. ಸೇಂಟ್ ಜಾನ್ಸ್ ಮತ್ತೆ ಕರೆಯಿತು.

ಕ್ವೀನ್ಸ್‌ನ ಯುಟೋಪಿಯಾ ಪಾರ್ಕ್‌ವೇಯಲ್ಲಿರುವ ಆ ವಿಶ್ವವಿದ್ಯಾಲಯದ ಆವರಣದಲ್ಲಿ ನಡೆದಾಡುವಾಗ ನನಗೆ ನೆನಪಾದದ್ದು ಅವನ ಒಂದು ಪತ್ರಿಕಾ ತುಣುಕುಗಳ ಪುಸ್ತಕ. 1951ರಲ್ಲಿ ನ್ಯೂಯಾರ್ಕಿನ ಕಾಲೇಜು ಆಟಗಾರರು ಜೂಜುಕೋರರಿಂದ ದುಡ್ಡು ತಿಂದು ಅಂಕಗಳನ್ನು ಏರುಪೇರು ಮಾಡಿದ್ದು ಬಯಲಾಯಿತು. ಸಿಕ್ಕಿಬಿದ್ದವರಲ್ಲಿ ಸಿಟಿ ಕಾಲೇಜಿನ ಹುಡುಗರೂ ಇದ್ದರು. ಹಿಂದಿನ ವರ್ಷ ದೇಶದ ಎರಡು ದೊಡ್ಡ ಟೂರ್ನಿಗಳನ್ನೂ ಒಟ್ಟಿಗೆ ಗೆದ್ದ ತಂಡ ಅದು, ಕೋಚ್ ಜೋನ ಹಳೆಯ ಜೊತೆಗಾರ ನ್ಯಾಟ್ ಹೋಲ್ಮನ್. ಜೋ ಆ ಸುದ್ದಿಗಳನ್ನೆಲ್ಲ ಕತ್ತರಿಸಿ ಅಂಟಿಸಿದ. ಕೈಕೋಳ ತೊಟ್ಟ ಇಪ್ಪತ್ತರ ಹುಡುಗರ ಮುಖಗಳು. ತನ್ನ ತಂಡಕ್ಕೆ ಬಂದ ಪ್ರತಿ ಹುಡುಗನ ಕೈಗೂ ಅದನ್ನು ಕೊಟ್ಟು, ಪೂರ್ತಿ ಓದಿಸಿ, ಓದಿದೆನೆಂದು ಸಹಿ ಹಾಕಿಸಿಕೊಳ್ಳುತ್ತಿದ್ದ. ಪಿವಟ್ ಪ್ಲೇ ಕಲಿಸಿದ್ದಕ್ಕಿಂತ ಇದು ದೊಡ್ಡ ಪಾಠವೆಂದು ನನ್ನ ಎಣಿಕೆ. ಐದು ಡಾಲರಿಗೆ ತಂಡ ಬದಲಿಸಿ ಬೆಳೆದವನಿಗೆ ಹಣದ ಸೆಳೆತ ಗೊತ್ತಿತ್ತು. ಎಲ್ಲಿ ನಿಲ್ಲಬೇಕೆಂಬುದೂ ಗೊತ್ತಿತ್ತು. 1959ರಲ್ಲಿ ಮೂರನೆಯ ಎನ್‌ಐಟಿ. 1965ರಲ್ಲಿ ಅರವತ್ತೈದಕ್ಕೆ ನಿವೃತ್ತಿಯೆಂಬ ನಿಯಮ ಅವನನ್ನು ಮನೆಗೆ ಕಳಿಸುವ ಮುನ್ನ, ಕೊನೆಯ ಪಂದ್ಯದಲ್ಲಿ ವಿಲನೋವಾವನ್ನು 55-51ರಿಂದ ಸೋಲಿಸಿ ನಾಲ್ಕನೆಯದು.

ಕಟ್ಟಕಡೆಗೆ ಯಾಂಕರ್ಸ್. ಗ್ರ್ಯಾಂಡ್ ಸೆಂಟ್ರಲಿನಿಂದ ಹೊರಟ ರೈಲು ನಗರ ಕಳೆದದ್ದೇ ಹಡ್ಸನ್ ನದಿಯ ಅಂಚಿಗೆ ಬಂದುಬಿಡುತ್ತದೆ. ಹಳಿಯ ಕೆಳಗೇ ನೀರು, ಆಚೆ ದಡದಲ್ಲಿ ಗೋಡೆಯಂತೆ ಎದ್ದ ಕಪ್ಪು ಬಂಡೆಗಳ ಸಾಲು. ನಿಲ್ದಾಣದೆದುರು ಓಟಿಸ್ ಲಿಫ್ಟ್ ಕಂಪನಿಯ ಹಳೆಯ ಕಾರ್ಖಾನೆ ಕಟ್ಟಡ ಈಗ ಊರಿನ ಗ್ರಂಥಾಲಯ. ಅಲ್ಲಿ ಕೂತು ಟಿಪ್ಪಣಿಗಳನ್ನು ತಿರುವಿಹಾಕಿ, ಆಮೇಲೆ ಏರುಬೀದಿಗಳಲ್ಲಿ ದಮ್ಮು ಹತ್ತುವವರೆಗೆ ನಡೆದೆ. ಯಾವ ಮನೆಯನ್ನೂ ಹುಡುಕಲಿಲ್ಲ. ನನಗೆ ಬೇಕಿದ್ದದ್ದು ಆ ಬೀದಿಗಳ ಮರಗಳು.

1950ರಲ್ಲಿ ನಿಕ್ಸ್ ತಂಡ ನ್ಯಾಟ್ ‘ಸ್ವೀಟ್‌ವಾಟರ್’ ಕ್ಲಿಫ್ಟನ್‌ನನ್ನು ಸೇರಿಸಿಕೊಂಡಿತು. ಅವನೂ ಒಂದು ಕಾಲಕ್ಕೆ ರೆನ್ಸ್ ಪರ ಆಡಿದ್ದವನು. ಎನ್‌ಬಿಎಯಲ್ಲಿ ಆ ಸೀಸನ್ ಆಡಲು ಬಂದ ಮೊದಲ ಕಪ್ಪು ಆಟಗಾರರು ಮೂವರು: ಅರ್ಲ್ ಲಾಯ್ಡ್, ಚಕ್ ಕೂಪರ್, ಕ್ಲಿಫ್ಟನ್. ಜೋನ ಮಗ ರಿಚರ್ಡ್‌ಗೆ ಆಗ ಐದು ವರ್ಷ. ಮಲಗುವ ಕೋಣೆಯ ಕಿಟಕಿಯಿಂದ ನೋಡಿದರೆ ಎದುರಿನ ಮರಕ್ಕೆ ಅಪ್ಪನ ಪ್ರತಿಕೃತಿ ನೇತುಹಾಕಿದೆ, ಕೆಳಗೆ ಜನ ಅದಕ್ಕೆ ಒದೆಯುತ್ತಿದ್ದಾರೆ. ಮನೆಯ ಇನ್ನೊಂದು ಫೋನು ಎತ್ತಿದರೆ ಯಾರೋ ಅಪ್ಪನನ್ನು ಹೊಲಸು ಮಾತಿನಿಂದ ಬಯ್ಯುತ್ತಿದ್ದಾರೆ. ಮಗುವಿಗೆ ಏನೂ ಅರ್ಥವಾಗಲಿಲ್ಲ. ಮುಂದೆ ದೊಡ್ಡವರಾಗಿ ರಿಚರ್ಡ್ ಲ್ಯಾಪ್ಚಿಕ್ ಅವರೇ ಇದನ್ನು ಬರೆದರು, ಊರೂರಲ್ಲಿ ಹೇಳಿದರು. ದಕ್ಷಿಣ ಆಫ್ರಿಕಾದ ವರ್ಣಭೇದದ ವಿರುದ್ಧ ಕ್ರೀಡಾ ಬಹಿಷ್ಕಾರಕ್ಕೆ ದುಡಿದರು. ಅದಕ್ಕಾಗಿ 1978ರಲ್ಲಿ ತಮ್ಮ ಕಚೇರಿಯಲ್ಲೇ ಹಲ್ಲೆಗೊಳಗಾದರು, ಆದರೂ ಬಿಡಲಿಲ್ಲ.

ಫೋನು ಮಾಡಿದವರಿಗೆ ಜೋ ಕೊಟ್ಟ ಉತ್ತರ ಏನೆಂದು ಪಂದ್ಯಗಳ ಪಟ್ಟಿ ಹೇಳುತ್ತದೆ. ಕ್ಲಿಫ್ಟನ್‌ನನ್ನು ಅವನು ಆ ಸೀಸನ್ನಿನಲ್ಲಿ ಆಡಿಸಿದ, ಮುಂದಿನ ಸೀಸನ್ನಿನಲ್ಲೂ ಆಡಿಸಿದ, ತಾನು ಕೆಲಸ ಬಿಡುವ ತನಕವೂ ಆಡಿಸಿದ. ನಿಕ್ಸ್ ತಂಡ ಸಾಲಾಗಿ ಮೂರು ಫೈನಲ್ ಮುಟ್ಟಿದ್ದು ಅದೇ ವರ್ಷಗಳಲ್ಲಿ.